ಡಿಫೆಂಡರ್ ಆಗಲು ಹೊರಟವನಿಗೆ

ತಮ್ಮಾ, ಫುಟ್‌ಬಾಲ್ ಟ್ರಯಲ್ಸ್‌ಗೆಂದು ಬೆಂಗಳೂರಿಗೆ ಹೊರಟಿದ್ದೀಯೆಂದು ನಿಮ್ಮಪ್ಪ ಹೇಳಿದ. ಗೋಲು ಹೊಡೆಯಬೇಕೆನ್ನುವ ಹುಡುಗರು ನಮ್ಮ ತಾವರಗೇರಾದಲ್ಲೂ ಬೇಕಾದಷ್ಟಿದ್ದಾರೆ. ನೀನು ತಡೆಯುವ ಆಟ ಆರಿಸಿಕೊಂಡೆ, ಅದು ನನಗೆ ಬಹಳ ಹಿಡಿಸಿತು. ಹೋಗು, ಆದರೆ ಆ ದುಡಿಮೆ ಎಂಥದ್ದೆಂದು ತಿಳಿದು ಹೋಗು.

ಒಂದೇ ಕ್ಲಬ್ಬಿನಲ್ಲಿ ಬೇರು ಬಿಡುವ ಡಿಫೆಂಡರ್ ಅಪರೂಪ. ತ್ರಿಶೂರಿನ ರಿನೋ ಆಂಟೊ ಅವರನ್ನು ನೋಡು. ಟಾಟಾ ಅಕಾಡೆಮಿಯಲ್ಲಿ ಕಲಿತು ಮೋಹನ್ ಬಾಗಾನ್, ಸಾಲ್ಗಾಂವ್ಕರ್‌ಗೆ ಆಡಿ, 2013ರಲ್ಲಿ ಆಗಷ್ಟೇ ಹುಟ್ಟಿದ್ದ ಬೆಂಗಳೂರು ಎಫ್‌ಸಿಗೆ ಬಂದರು. ಆ ತಂಡ ಮೊದಲ ಸೀಸನ್‌ನಲ್ಲೇ ಐ-ಲೀಗ್ ಗೆದ್ದಿತು. ಅಷ್ಟಾದರೂ ಅವರ ತಿರುಗಾಟ ನಿಲ್ಲಲಿಲ್ಲ. ಕೇರಳ ಬ್ಲಾಸ್ಟರ್ಸ್‌ಗೆ ಹೋದರು, ತಿರುಗಿ ಬೆಂಗಳೂರಿಗೆ ಬಂದರು, ಆಮೇಲೆ ಈಸ್ಟ್ ಬೆಂಗಾಲ್. ಮಳೆ ಕೈಕೊಟ್ಟ ವರ್ಷ ಗುಳೆ ಹೋದವರನ್ನು ನಮ್ಮ ಕುಷ್ಟಗಿ ಸೀಮೆಯಲ್ಲಿ ಯಾರೂ ಸೋತವರು ಅನ್ನುವುದಿಲ್ಲ. ಹೊಸ ಕೋಚ್ ಬಂದು ನಿನ್ನ ಜಾಗ ಹೋದರೆ ನೀನೂ ಸೋತೆನೆಂದುಕೊಳ್ಳಬೇಡ. ಮುಂದಿನ ಊರಿಗೆ ಚೀಲ ಕಟ್ಟು.

ಹೋದ ಊರಿನಲ್ಲಿ ಮೊದಲು ಬಾಯಿ ಬಿಡು. ನೀನು ಸಂಕೋಚದ ಹುಡುಗ, ಹಿಂದಿಯಲ್ಲಿ ಮಾತಾಡಲು ಹಿಂಜರಿಯುತ್ತೀ. ಡಿಫೆಂಡರ್‌ನ ಅರ್ಧ ಆಟ ಕೂಗುವುದರಲ್ಲಿದೆ. ಮುಂದಿರುವವರಿಗೆ ಕಾಣದ್ದು ಹಿಂದಿರುವ ನಿನಗೆ ಕಾಣುತ್ತದೆ. ಬೆನ್ನ ಹಿಂದೆ ಯಾರು ಬಂದರು, ಡಿಫೆಂಡರ್‌ಗಳ ಸಾಲು ಯಾವಾಗ ಮುಂದೆ ಸರಿಯಬೇಕು, ಇದನ್ನೆಲ್ಲ ನೀನೇ ಕೂಗಿ ಹೇಳಬೇಕು. ಆ ಸಾಲಿನ ನಾಲ್ವರಲ್ಲಿ ಒಬ್ಬ ಒಂದು ಹೆಜ್ಜೆ ಹಿಂದೆ ಉಳಿದರೂ ಆಫ್‌ಸೈಡ್ ಕೈತಪ್ಪುತ್ತದೆ. ಮಲಯಾಳಿ ಗೋಲ್‌ಕೀಪರ್, ಮಣಿಪುರದ ಜೊತೆಗಾರ, ಹೊರದೇಶದ ಸೆಂಟರ್ ಬ್ಯಾಕ್, ಎಲ್ಲರಿಗೂ ನಿನ್ನ ದನಿ ಮುಟ್ಟಬೇಕು. ಚೆಂಡನ್ನು ಎಲ್ಲರೂ ನೋಡುತ್ತಾರೆ, ನೀನು ಚೆಂಡಿಲ್ಲದೆ ಓಡುವವನನ್ನು ನೋಡು.

ಇನ್ನು ಪಗಾರದ ಮಾತು. ಹಿಂದೆ ಬೆಂಗಳೂರಿನ ಆಟಗಾರರಿಗೆ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳ ನೌಕರಿ ಇತ್ತು. 1977ರ ಮೊದಲ ಫೆಡರೇಷನ್ ಕಪ್ ಫೈನಲ್‌ನಲ್ಲಿ ಮೋಹನ್ ಬಾಗಾನ್‌ ತಂಡವನ್ನು ಸೋಲಿಸಿದ್ದು ಟೆಲಿಫೋನ್ ತಯಾರಿಸುತ್ತಿದ್ದ ಆ ಐಟಿಐ ತಂಡವೇ. ಕಾಲು ನಿಂತರೂ ಅವರ ಒಲೆ ಆರುತ್ತಿರಲಿಲ್ಲ. ಈಗಿನದು ಕರಾರಿನ ಬದುಕು. 2025ರ ಜುಲೈನಲ್ಲಿ ದೇಶದ ದೊಡ್ಡ ಲೀಗ್ ಐಎಸ್‌ಎಲ್ ಅನ್ನೇ ತಡೆಹಿಡಿದರು; ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸಿತು. 2018–19ರಲ್ಲಿ ಐಎಸ್‌ಎಲ್ ಗೆದ್ದ ಕ್ಲಬ್ಬಿನ ಪಾಡೇ ಹೀಗಾದರೆ ಚಿಕ್ಕ ಕ್ಲಬ್ಬುಗಳ ಹುಡುಗರ ಗತಿ ಏನು?

ಅದಕ್ಕೇ ಓದು ಬಿಡಬೇಡ. ಬಿ.ಎ. ಮುಗಿಸು, ಆಮೇಲೆ ಬಿ.ಪಿ.ಎಡ್ ಕೂಡ ಮಾಡು. ಕಲ್ಯಾಣ ಕರ್ನಾಟಕದವನಾದ ನಿನಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಇದೆ, ರೈಲ್ವೆಯಲ್ಲಿ ಕ್ರೀಡಾ ಕೋಟಾ ಇದೆ. ಎರಡಕ್ಕೂ ಕಾಗದಪತ್ರ ಕೇಳುತ್ತಾರೆ. ಆಡುತ್ತಾ ಓದಲಾಗದು ಅನ್ನಬೇಡ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫುಟ್‌ಬಾಲ್ ತಂಡದ ನಾಯಕರಾಗಿದ್ದ ತಾಲಿಮೆರೆನ್ ಆವೋ ಮೋಹನ್ ಬಾಗಾನ್‌ಗೆ ಆಡುತ್ತಲೇ ಕಲ್ಕತ್ತೆಯಲ್ಲಿ ವೈದ್ಯಕೀಯ ಓದಿದವರು. ಆಮೇಲೆ ನಾಗಾಲ್ಯಾಂಡ್‌ಗೆ ಮರಳಿ ಡಾಕ್ಟರಾಗಿ ದುಡಿದರು. ಅವರಿಗಿಂತ ನಿನಗೆ ಬಿಡುವು ಕಡಿಮೆಯೇನಿಲ್ಲ.

ಕರಾರಿಗೆ ಸಹಿ ಹಾಕುವ ಮೊದಲು ವಕೀಲರಿಂದ ಓದಿಸು. ಮೊಣಕಾಲಿನ ಲಿಗಮೆಂಟ್ ಹರಿದರೆ ಎಂಟೊಂಬತ್ತು ತಿಂಗಳು ಮೈದಾನವಿಲ್ಲ. ಆಪರೇಷನ್ ಖರ್ಚು ಯಾರದು, ಅಷ್ಟು ದಿನ ಪಗಾರ ಬರುತ್ತದೋ ಇಲ್ಲವೋ, ಅದು ಬರಹದಲ್ಲಿರಲಿ. ಏಜೆಂಟನ ಬಾಯಿಮಾತು ನಂಬಬೇಡ. ಕರಾರಿನ ಒಂದು ಪ್ರತಿ ಊರಿನ ಮನೆಯಲ್ಲಿ ಅವ್ವನ ಟ್ರಂಕಿನಲ್ಲಿಡು. ಮೊದಲ ರೊಕ್ಕ ಬಂದಾಗ ಅಪ್ಪನ ಕೈಸಾಲ ತೀರಿಸು, ಆಮೇಲೆ ಒಂದು ವರ್ಷದ ಖರ್ಚು ಬ್ಯಾಂಕಿನಲ್ಲಿ ತೆಗೆದಿಡು. ಬೈಕು ಕೊಳ್ಳುವ ಮಾತು ಅದಾದ ಮೇಲೆ.