ಹಡಗು ಯಾರದು, ಬಾವುಟ ಯಾರದು?

2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ‘ವಾನ್ ಹೈ 503’ ಎಂಬ ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ನಾಲ್ವರು ಕಾಣೆಯಾದರು. ಪಾರಾದ 18 ಮಂದಿಯನ್ನು ನಮ್ಮ ನೌಕಾಪಡೆಯವರು ಆ ರಾತ್ರಿಯೇ ಮಂಗಳೂರಿಗೆ ಕರೆತಂದರು. ಪತ್ರಿಕೆಗಳು ಅದನ್ನು ಸಿಂಗಾಪುರದ ಹಡಗು ಎಂದವು. ಆದರೆ ಅದನ್ನು ನಡೆಸುತ್ತಿದ್ದ ಕಂಪನಿ ತೈವಾನಿನದು. ಹಡಗಿನಲ್ಲಿದ್ದವರು ಚೀನಾ, ತೈವಾನ್, ಮ್ಯಾನ್ಮಾರ್ ಮತ್ತು ಇಂಡೋನೇಷ್ಯಾದವರು. “ಹಾಗಾದರೆ ಸರ್, ಹಡಗು ನಿಜವಾಗಿ ಯಾರದು?” ಎಂದು ವಾಣಿಜ್ಯ ವಿಭಾಗದ ವಿದ್ಯಾರ್ಥಿಯೊಬ್ಬ ಕೇಳಿದ. ಅಂದು ಐದು ನಿಮಿಷದಲ್ಲಿ ಹೇಳಿ ಮುಗಿಸಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಪ್ರತಿ ವ್ಯಾಪಾರಿ ಹಡಗೂ ಯಾವುದಾದರೂ ಒಂದು ದೇಶದಲ್ಲಿ ನೋಂದಣಿಯಾಗಿರಬೇಕು. ಆ ದೇಶದ ಬಾವುಟವನ್ನೇ ಅದು ಹಾರಿಸಬೇಕು. ನಡುಗಡಲಿನಲ್ಲಿ ಅದಕ್ಕೆ ಅನ್ವಯಿಸುವುದು ಆ ದೇಶದ ಕಾನೂನೇ. ಆದರೆ ಮಾಲೀಕನೂ ಅದೇ ದೇಶದವನಾಗಿರಬೇಕೆಂದು ಎಲ್ಲ ದೇಶಗಳೂ ಕೇಳುವುದಿಲ್ಲ. ರಸ್ತೆ ತೆರಿಗೆ ಉಳಿಸಲು ಪುದುಚೇರಿಯಲ್ಲಿ ನೋಂದಣಿ ಮಾಡಿಸಿ ಬೆಂಗಳೂರಿನಲ್ಲಿ ಓಡಿಸುವ ದುಬಾರಿ ಕಾರುಗಳ ಸುದ್ದಿಯನ್ನು ನೀವು ಓದಿರಬಹುದು. ಸಮುದ್ರದಲ್ಲಿ ಇದು ಗುಟ್ಟಿನ ವಿಷಯವಲ್ಲ, ರಾಜಾರೋಷವಾಗಿ ನಡೆಯುವ ವ್ಯವಹಾರ. ಇಂಥ ಬಾವುಟಕ್ಕೆ ‘ಅನುಕೂಲದ ಧ್ವಜ’ ಎಂಬ ಹೆಸರೂ ಇದೆ.

ನೂರು ಟನ್ನು ಮತ್ತು ಅದಕ್ಕಿಂತ ದೊಡ್ಡ ಹಡಗುಗಳನ್ನು ಎಣಿಸಿದರೆ ಜಗತ್ತಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ವ್ಯಾಪಾರಿ ಹಡಗುಗಳಿವೆ. ಹೊರುವ ಭಾರದ ಲೆಕ್ಕದಲ್ಲಿ ಐದರಲ್ಲಿ ಎರಡು ಪಾಲಿಗೂ ಹೆಚ್ಚು ಕಲ್ಲಿದ್ದಲು, ಅದಿರು, ಧಾನ್ಯ ಸಾಗಿಸುವ ಬಲ್ಕ್ ಹಡಗುಗಳದ್ದು. ಕಾಲು ಭಾಗಕ್ಕಿಂತ ಹೆಚ್ಚು ತೈಲ ಟ್ಯಾಂಕರುಗಳದ್ದು. ಚಿತ್ರಗಳಲ್ಲಿ ನಾವು ಹೆಚ್ಚಾಗಿ ನೋಡುವ ಕಂಟೇನರ್ ಹಡಗುಗಳ ಪಾಲು ಸುಮಾರು ಏಳರಲ್ಲಿ ಒಂದು ಮಾತ್ರ.

ಮಾಲೀಕರ ಪಟ್ಟಿಯಲ್ಲಿ ಮುಂದಿರುವವರು ಗ್ರೀಸ್, ಚೀನಾ, ಜಪಾನ್. ಬಾವುಟಗಳ ಪಟ್ಟಿಯಲ್ಲಿ ಮುಂದಿರುವುದು ಲೈಬೀರಿಯಾ, ಪನಾಮಾ, ಮಾರ್ಷಲ್ ದ್ವೀಪಗಳು. ಜಗತ್ತಿನ ಹಡಗುಗಳ ಒಟ್ಟು ಸಾಮರ್ಥ್ಯದಲ್ಲಿ ಶೇ. 40ಕ್ಕೂ ಹೆಚ್ಚು ಈ ಮೂರು ದೇಶಗಳ ನೋಂದಣಿಯಲ್ಲಿದೆ. ಮಾರ್ಷಲ್ ದ್ವೀಪಗಳ ಜನಸಂಖ್ಯೆ 2021ರ ಗಣತಿಯಂತೆ 42 ಸಾವಿರದಷ್ಟು. ಅದರ ಹಡಗು ನೋಂದಣಿಯ ಕೆಲಸವನ್ನು ನಡೆಸುವುದು ಅಮೆರಿಕದ ವರ್ಜೀನಿಯಾದಲ್ಲಿರುವ ಕಂಪನಿ. ಲೈಬೀರಿಯಾದ ಕಥೆಯೂ ಅದೇ. ಇನ್ನು ಸಮುದ್ರವೇ ಇಲ್ಲದ ಮಂಗೋಲಿಯಾ ಕೂಡ ಹಡಗು ನೋಂದಾಯಿಸುತ್ತದೆ ಎಂದಾಗ ತರಗತಿಯಲ್ಲಿ ಯಾರೂ ನಂಬಲಿಲ್ಲ!

ಇದು ಶುರುವಾದದ್ದೂ ಸ್ವಾರಸ್ಯಕರ. 1922ರಲ್ಲಿ ಅಮೆರಿಕದಲ್ಲಿ ಪಾನನಿಷೇಧವಿತ್ತು. ಪ್ರಯಾಣಿಕರಿಗೆ ಮದ್ಯ ಕೊಡಬೇಕೆಂದು ‘ರಿಲಯನ್ಸ್’, ‘ರೆಸೊಲ್ಯೂಟ್’ ಎಂಬ ಎರಡು ಅಮೆರಿಕನ್ ಹಡಗುಗಳನ್ನು ಪನಾಮಾದ ಬಾವುಟಕ್ಕೆ ಬದಲಾಯಿಸಲಾಯಿತು. ಮುಂದೆ ಮದ್ಯದ ಜಾಗಕ್ಕೆ ತೆರಿಗೆ ಮತ್ತು ಸಂಬಳ ಬಂದವು. ತೆರಿಗೆ ಕಡಿಮೆ, ಯಾವ ದೇಶದ ನಾವಿಕರನ್ನಾದರೂ ಅಗ್ಗದ ಸಂಬಳಕ್ಕೆ ನೇಮಿಸಿಕೊಳ್ಳಬಹುದು. ಹಡಗಿಗೂ ಬಾವುಟದ ದೇಶಕ್ಕೂ ‘ನಿಜವಾದ ಸಂಬಂಧ’ ಇರಬೇಕೆಂದು 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 91ನೇ ವಿಧಿ ಹೇಳುತ್ತದೆ. ಹಾಗೆಂದರೇನು ಎಂದು ಮಾತ್ರ ಅದು ಬಿಡಿಸಿ ಹೇಳುವುದಿಲ್ಲ.

ಬಾವುಟ ನೋಡಿ ಹಡಗನ್ನು ಅಳೆಯಬೇಡಿ ಎಂದೂ ಹೇಳಬೇಕು. ಲೈಬೀರಿಯಾ, ಮಾರ್ಷಲ್ ದ್ವೀಪಗಳ ಹಡಗುಗಳು ಯುರೋಪಿನ ಬಂದರು ತಪಾಸಣೆಯಲ್ಲಿ ಒಳ್ಳೆಯ ಹೆಸರೇ ಪಡೆದಿವೆ. ನನ್ನ ತಕರಾರು ಬೇರೆ: ಏನಾದರೂ ಕೆಟ್ಟಾಗ ಹೊಣೆ ಹೊರುವವರನ್ನು ಹುಡುಕುವುದೇ ಕಷ್ಟ. 2021ರ ಮಾರ್ಚಿನಲ್ಲಿ ಸೂಯೆಜ್ ಕಾಲುವೆಗೆ ಅಡ್ಡ ನಿಂತ ‘ಎವರ್ ಗಿವನ್’ ನೆನಪಿರಬಹುದು. ಮಾಲೀಕರು ಜಪಾನಿನವರು, ನಡೆಸುತ್ತಿದ್ದವರು ತೈವಾನಿನವರು, ನಿರ್ವಹಣೆ ಜರ್ಮನ್ ಮೂಲದ ಕಂಪನಿಯದು, ಬಾವುಟ ಪನಾಮಾದ್ದು. ನಾವಿಕರು 25 ಮಂದಿ, ಎಲ್ಲರೂ ಭಾರತೀಯರು. ಪರಿಹಾರದ ಮಾತುಕತೆ ಮುಗಿಯುವವರೆಗೆ, ಅಂದರೆ ಜುಲೈವರೆಗೆ, ಈಜಿಪ್ಟ್ ಹಡಗನ್ನು ಬಿಡಲಿಲ್ಲ.

ಅದಕ್ಕಿಂತ ಕೆಟ್ಟ ಸ್ಥಿತಿಯೆಂದರೆ, ಮಾಲೀಕ ಸಂಬಳವನ್ನೂ ಊಟವನ್ನೂ ನಿಲ್ಲಿಸಿ ನಾವಿಕರನ್ನು ಹಡಗಿನಲ್ಲೇ ಬಿಟ್ಟು ಕಣ್ಮರೆಯಾಗುವುದು. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟದ ಲೆಕ್ಕದಂತೆ 2024ರಲ್ಲಿ 312 ಹಡಗುಗಳಲ್ಲಿ 3,133 ಮಂದಿ ಹೀಗೆ ಸಿಕ್ಕಿಬಿದ್ದರು. ಅವರಲ್ಲಿ 899 ಮಂದಿ ನಮ್ಮ ದೇಶದವರು. ಬೇರೆ ಯಾವ ದೇಶದವರೂ ಅಷ್ಟಿರಲಿಲ್ಲ. ಜಗತ್ತಿನ ಹಡಗುಗಳಲ್ಲಿ ಭಾರತದ ಬಾವುಟದ ಪಾಲು ಶೇ. 1ರ ಆಸುಪಾಸು ಮಾತ್ರ. ಹಾಗಾಗಿ ನಮ್ಮ ನಾವಿಕರಲ್ಲಿ ಹೆಚ್ಚಿನವರು ದುಡಿಯುವುದು ಪರದೇಶದ ಬಾವುಟದಡಿಯಲ್ಲೇ.

ಪಿಯುಸಿ ಮುಗಿಸಿ ಹಡಗಿನ ಕೆಲಸಕ್ಕೆ ಹೋಗುತ್ತೇನೆಂದು ಪ್ರತಿ ವರ್ಷ ಒಬ್ಬಿಬ್ಬರಾದರೂ ನನ್ನ ಬಳಿ ಬರುತ್ತಾರೆ. ಅವರಿಗೆ ಹೇಳುವುದಿಷ್ಟು. ಕೆಲಸ ಕೊಡಿಸುವ ಏಜೆಂಟರಿಗೆ ನೌಕಾಯಾನ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇರಲೇಬೇಕು. ಪರವಾನಗಿ ಪಡೆದವರ ಪಟ್ಟಿ ನಿರ್ದೇಶನಾಲಯದ ಜಾಲತಾಣದಲ್ಲಿದೆ. ಹಡಗಿನ ಬಾವುಟ ಯಾವ ದೇಶದ್ದೆಂದು ಕೇಳಿ. ಆ ದೇಶ 2006ರ ಸಾಗರ ಕಾರ್ಮಿಕ ಒಪ್ಪಂದಕ್ಕೆ ಸಹಿ ಹಾಕಿದ್ದರೆ, ಮಾಲೀಕ ಕೈಬಿಟ್ಟಾಗ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ, ಊಟ ಮತ್ತು ಊರಿಗೆ ಮರಳುವ ಖರ್ಚಿಗೆ ವಿಮೆಯಂಥ ಭದ್ರತೆ ಇರಬೇಕು. ಅದರ ಪ್ರಮಾಣಪತ್ರವನ್ನು ಹಡಗಿನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಹಡಗಿನ ಏಳು ಅಂಕಿಯ ಐಎಂಒ ಸಂಖ್ಯೆಯನ್ನೂ ಬರೆದಿಟ್ಟುಕೊಳ್ಳಿ, ಮನೆಯವರಿಗೂ ಕೊಡಿ. ಹಡಗಿನ ಹೆಸರು, ಬಾವುಟ, ಮಾಲೀಕ ಎಲ್ಲವೂ ಬದಲಾಗಬಹುದು. ಆ ಸಂಖ್ಯೆ ಹಡಗು ಗುಜರಿಗೆ ಹೋಗುವವರೆಗೂ ಬದಲಾಗುವುದಿಲ್ಲ.