ಮುಖದ ಮೇಲೆ ಕೈ ಇಡುವ ಮೊದಲು

ನೋಡವ್ವ, ಚಂದ್ರಬಂಡದಿಂದ ರಾಯಚೂರಿಗೆ ಪಾರ್ಲರ್ ಕೆಲಸ ಕಲಿಯಲು ಓಡಾಡುತ್ತಿದ್ದೀಯ, ಸಂತೋಷ. ಆದರೆ ಫೇಶಿಯಲ್ ಅಂದರೆ ಕ್ರೀಮಿನ ಡಬ್ಬಿ ಅಂತ ತಿಳಿಯಬೇಡ. ಕ್ರೀಮು ದುಡ್ಡು ಕೊಟ್ಟರೆ ಯಾರಿಗಾದರೂ ಸಿಗುತ್ತದೆ. ಕಣ್ಣು ಮುಚ್ಚಿ ಒರಗಿದವಳಿಗೆ ಗೊತ್ತಾಗುವುದು ನಿನ್ನ ಕೈ.

ಉಗುರು ಕತ್ತರಿಸು, ಉಂಗುರ, ಬಳೆ ತೆಗೆದಿಡು. ಹಿಂದಿನ ದಿನ ಮೆಣಸಿನಕಾಯಿ ಬಿಡಿಸಲು ಹೋಗಿದ್ದರೆ ಮಸಾಜಿಗೆ ನಿಲ್ಲಲೇಬೇಡ. ಆ ಖಾರ ಬರೀ ನೀರಿಗೆ ಬಿಡುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಎಣ್ಣೆ ತಿಕ್ಕಿ ಸೋಪಿನಿಂದ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿದಿದ್ದರೆ, ಕ್ರೀಮಿನ ಜಿಡ್ಡೇ ಅದನ್ನು ಅವಳ ಕಣ್ಣಿನವರೆಗೆ ಒಯ್ಯುತ್ತದೆ.

ಶುರು ಮಾಡುವುದೂ ಮುಗಿಸುವುದೂ ನೇವರಿಸಿಯೇ. ಕ್ಲಾಸಿನಲ್ಲಿ ಎಫ್ಲೂರಾಜ್ ಅನ್ನುತ್ತಾರೆ. ಗದ್ದದಿಂದ ಕಿವಿಯ ಹಾಲೆಗೆ, ಬಾಯಿಯ ಅಂಚಿನಿಂದ ಕಿವಿಯ ನಡುವಿಗೆ, ಮೂಗಿನ ಪಕ್ಕದಿಂದ ಕಣತಲೆಗೆ: ಮೇಲಕ್ಕೆ, ಹೊರಕ್ಕೆ. ಚರ್ಮ ಎಳೆದು ಬರಬಾರದು, ಬೆರಳು ಜಾರಬೇಕು; ಜಾರದಿದ್ದರೆ ಕ್ರೀಮು ಸಾಲದು ಅಂತಲೇ ಅರ್ಥ. ಕ್ರೀಮು ತೆಗೆದುಕೊಳ್ಳುವಾಗಲೂ ಒಂದು ಕೈ ಮುಖದ ಮೇಲೇ ಇರಲಿ. ಎರಡೂ ಕೈ ತಟ್ಟನೆ ಎತ್ತಿ ಮತ್ತೆ ಇಟ್ಟರೆ ಅವಳು ಬೆಚ್ಚುತ್ತಾಳೆ, ಸಡಿಲವಾಗಿದ್ದ ದವಡೆ ಮತ್ತೆ ಬಿಗಿಯುತ್ತದೆ.

ಹಿಸುಕುವುದು ಕೆನ್ನೆಗೆ, ದವಡೆಯ ಅಂಚಿಗೆ. ಹೆಬ್ಬೆರಳು, ತೋರುಬೆರಳಿನ ಮೆತ್ತನೆಯ ಭಾಗದಿಂದ, ಚಿವುಟಿದಂತೆ ಆಗದ ಹಾಗೆ. ಗದ್ದಕ್ಕೆ, ಮೂಗಿನ ಪಕ್ಕಕ್ಕೆ ಸಣ್ಣ ಸುತ್ತು. ತಟ್ಟುವಾಗ ಮಾತ್ರ ಎಚ್ಚರ. ಜೋಳದ ರೊಟ್ಟಿ ತಟ್ಟಿ ಪಳಗಿದ ಕೈ ನಮ್ಮದು, ಇಡೀ ಅಂಗೈ ತಾನೇ ಬೀಳುತ್ತದೆ. ಮುಖಕ್ಕೆ ಬೆರಳ ತುದಿ ಸಾಕು, ಅದೂ ಮಣಿಕಟ್ಟು ಸಡಿಲ ಬಿಟ್ಟು. ಕಣ್ಣಿನ ಸುತ್ತ ತಟ್ಟುವುದೂ ಬೇಡ, ತಿಕ್ಕುವುದೂ ಬೇಡ. ಅಲ್ಲಿಯ ಚರ್ಮ ತೀರಾ ತೆಳು. ಉಂಗುರದ ಬೆರಳಿಗೆ ಬಲ ಕಡಿಮೆ, ಅದಕ್ಕೇ ಅದನ್ನು ಬಳಸು: ಹುಬ್ಬಿನ ಮೇಲೆ ಹೊರಕ್ಕೆ, ಕಣ್ಣಿನ ಕೆಳಗೆ ಮೂಗಿನ ಕಡೆಗೆ. ಗಂಟಲ ಗಂಟನ್ನು ಒತ್ತಬೇಡ. ಕತ್ತಿನ ಎರಡೂ ಪಕ್ಕ ನಾಡಿ ಬಡಿಯುವ ಜಾಗದಲ್ಲಿ ಭಾರವನ್ನೇ ಹಾಕಬೇಡ.

ಮಸಾಜಿನಿಂದ ಬಣ್ಣ ಬಿಳಿಯಾಗುತ್ತದೆ ಅಂತ ಯಾರಿಗೂ ಹೇಳಬೇಡ, ಆಗುವುದಿಲ್ಲ. ರಕ್ತ ಓಡಾಡಿ ಸ್ವಲ್ಪ ಹೊತ್ತು ಮುಖ ಕಳೆಗಟ್ಟುತ್ತದೆ, ಬಿಗಿತ ಸಡಿಲವಾಗುತ್ತದೆ. ಅದೇನು ಕಡಿಮೆಯೇ? ಮದುಮಗಳಿಗೆ ಹೊಸ ಕ್ರೀಮನ್ನು ಅರಿಶಿಣದ ಹಿಂದಿನ ದಿನ ಹಚ್ಚಬೇಡ, ಕೆಲವು ದಿನ ಮೊದಲೇ ಕರೆಸು.

ಕೀವು ತುಂಬಿದ ಮೊಡವೆಯ ಮುಖ, ಹೊಲದ ಬಿಸಿಲಿಗೆ ಸುಟ್ಟು ಉರಿಯುವ ಮುಖ ಕಂಡರೆ ಕೈ ಇಡಬೇಡ. “ಇವತ್ತು ಬ್ಯಾಡ ಅಕ್ಕಾ, ವಾಸಿಯಾದ ಮ್ಯಾಲ ಬಾ” ಅನ್ನು. ಆ ದಿನದ ದುಡ್ಡು ಹೋದರೆ ಹೋಗಲಿ.