ಹೆಸರಿಲ್ಲದ ವಂಶವಾಹಿ

ಕಛೇರಿಯ ದಫ್ತರಖಾನೆಯಲ್ಲಿ ಕೆಲವು ಕಡತಗಳಿರುತ್ತವೆ. ಅವುಗಳ ಮೇಲೆ ವಿಷಯವನ್ನು ಬರೆದಿರುವುದಿಲ್ಲ. ಕಪಾಟಿನ ಸಂಖ್ಯೆ, ಕಡತದ ಸಂಖ್ಯೆ, ಇಷ್ಟೇ. ಯಾರೂ ಅವನ್ನು ಬಿಚ್ಚಿ ನೋಡುವುದಿಲ್ಲ. ನಮ್ಮ ದೇಹದೊಳಗೂ ಇಂಥ ಕಡತಗಳುಂಟೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ನಮ್ಮ ಜೀವಕೋಶಗಳಲ್ಲಿ ೨೩ ಜೊತೆ ವರ್ಣತಂತುಗಳಿವೆ. ಇವುಗಳಲ್ಲಿ ಡಿ.ಎನ್.ಎ. ಎಂಬ ದ್ರವ್ಯದ ರೂಪದಲ್ಲಿ, ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ, ತಂದೆತಾಯಿಗಳಿಂದ ಬಂದ ಬರಹವಿದೆ. ಒಂದು ಪ್ರೋಟೀನನ್ನು ಹೇಗೆ ಕಟ್ಟಬೇಕೆಂದು ತಿಳಿಸುವ ಭಾಗಕ್ಕೆ ವಂಶವಾಹಿ, ಅಂದರೆ ಜೀನ್, ಎನ್ನುವರು. ಮನುಷ್ಯನಲ್ಲಿ ಇಂಥವು ಸುಮಾರು ೨೦,೦೦೦. ಕೆಲವನ್ನು ಕುರಿತು ಸಾವಿರಾರು ಪ್ರಬಂಧಗಳು ಬಂದಿವೆ. ಅನೇಕವನ್ನು ಕೇಳುವವರೇ ಇಲ್ಲ.

ಕೆಲಸವು ತಿಳಿಯದ ಜೀನುಗಳಿಗೆ ವಿಜ್ಞಾನಿಗಳು ವಿಳಾಸವನ್ನೇ ಹೆಸರಾಗಿ ಇಟ್ಟರು. ಅಂಥದೊಂದು ‘ಸಿ-೯-ಓ.ಆರ್.ಎಫ್.-೭೨’. ‘ಸಿ-೯’ ಎಂದರೆ ಒಂಬತ್ತನೆಯ ವರ್ಣತಂತು, ‘ಓ.ಆರ್.ಎಫ್.’ ಎಂದರೆ ಪ್ರೋಟೀನಿನ ಬರಹವೆಂದು ಓದಬಹುದಾದ ಭಾಗ. ೭೨ ಅದರ ಕ್ರಮಾಂಕ.

ಇನ್ನೊಂದು ಕಡೆ ವೈದ್ಯರು ಕೆಲವು ಕುಟುಂಬಗಳನ್ನು ಪರೀಕ್ಷಿಸುತ್ತಿದ್ದರು. ಆ ಮನೆಗಳಲ್ಲಿ ಒಬ್ಬರಿಗೆ ಕೈಕಾಲುಗಳ ಶಕ್ತಿ ಕುಂದಿ, ಕೊನೆಗೆ ಉಸಿರಾಟವೇ ಕಷ್ಟವಾಗುವ ಎ.ಎಲ್.ಎಸ್. ರೋಗ, ಇನ್ನೊಬ್ಬರಿಗೆ ಮೆದುಳು ಸವೆದು ನಡತೆಯೂ ಮಾತೂ ಕೆಡುವ ರೋಗ. ಎರಡಕ್ಕೂ ಮೂಲವು ಒಂಬತ್ತನೆಯ ವರ್ಣತಂತುವಿನ ಗಿಡ್ಡ ತೋಳಿನಲ್ಲಿದೆಯೆಂದು ೨೦೦೬ರಲ್ಲಿ ಗೊತ್ತಾಯಿತು. ಆದರೆ ದೋಷವೆಲ್ಲಿ?

೨೦೧೧ರಲ್ಲಿ ರೋಸಾ ರಾಡೆಮೇಕರ್ಸ್ ಅವರ ತಂಡವೂ ಬ್ರಯನ್ ಟ್ರೇನರ್ ಅವರ ತಂಡವೂ ಉತ್ತರ ಕೊಟ್ಟವು. ದೋಷವು ಈ ಹೆಸರಿಲ್ಲದ ಜೀನಿನಲ್ಲಿಯೇ ಇತ್ತು! ಅದರಲ್ಲಿ ‘ಜಿ ಜಿ ಜಿ ಜಿ ಸಿ ಸಿ’ ಎಂಬ ಆರು ಅಕ್ಷರಗಳು ಸಾಮಾನ್ಯರಲ್ಲಿ ಕೆಲವೇ ಸಲ ಮರುಕಳಿಸುತ್ತವೆ. ರೋಗಿಗಳಲ್ಲಿ ನೂರಾರು, ಸಾವಿರಾರು ಸಲ. ಈ ಭಾಗವು ಪ್ರೋಟೀನಿನ ಬರಹದಿಂದ ಹೊರಗಿದ್ದುದರಿಂದಲೂ, ಇಷ್ಟು ಉದ್ದದ ಪುನರುಕ್ತಿಯನ್ನು ಸಾಮಾನ್ಯ ಪರೀಕ್ಷೆಯು ಓದಲಾರದುದರಿಂದಲೂ ಅದು ಕಣ್ಣಿಗೆ ಬಿದ್ದಿರಲಿಲ್ಲ. ಯೂರೋಪು ಮೂಲದವರಲ್ಲಿ ವಂಶದಿಂದ ಬರುವ ಎ.ಎಲ್.ಎಸ್.ಗೆ ಇದೇ ಅತಿ ಸಾಮಾನ್ಯ ಕಾರಣ; ಏಷ್ಯದವರಲ್ಲಿ ಇದು ವಿರಳ.

ಆ ಮೇಲೆ ಎಲ್ಲರ ದೃಷ್ಟಿಯೂ ಇದರ ಪ್ರೋಟೀನಿನ ಕಡೆಗೆ ಹರಿಯಿತು. ಜೀವಕೋಶವು ತನ್ನ ಕಸವನ್ನು ಕರಗಿಸಿಕೊಳ್ಳುವ ಕೆಲಸದಲ್ಲಿ ಅದು ಬೇರೆರಡು ಪ್ರೋಟೀನುಗಳೊಡನೆ ಕೂಡಿ ದುಡಿಯುತ್ತದೆಂದು ತಿಳಿದುಬಂದಿದೆ. ರೋಗವನ್ನು ಗುಣಪಡಿಸುವ ಔಷಧವು ಇನ್ನೂ ದೊರೆತಿಲ್ಲ. ಆದರೆ ರಕ್ತಪರೀಕ್ಷೆಯಿಂದ ದೋಷವನ್ನು ಗುರುತಿಸಬಹುದು; ಔಷಧವನ್ನು ಎಲ್ಲಿ ಹುಡುಕಬೇಕೆಂಬುದೂ ಈಗ ಗೊತ್ತಿದೆ. ಮೊದಲು ಅದೂ ಇರಲಿಲ್ಲ.

ಬರಿಯ ಸಂಖ್ಯೆಯನ್ನು ಹೊತ್ತ ಜೀನುಗಳು ಇನ್ನೂ ಅನೇಕವಿವೆ. ಯಾರೂ ಓದಿಲ್ಲವೆಂದ ಮಾತ್ರಕ್ಕೆ ಕಡತದಲ್ಲಿ ಏನೂ ಇಲ್ಲವೆಂದು ತಿಳಿಯಬಾರದು. ಯಾವುದೋ ಒಂದು ಮನೆಯವರು ತಲೆಮಾರುಗಳಿಂದ ಕೇಳುತ್ತಿರುವ ಪ್ರಶ್ನೆಗೆ ಉತ್ತರವು ಅದರಲ್ಲಿಯೇ ಇರಬಹುದು.